ಹನುಮಪ್ಪನ ಅಪ್ಪಣೆ ಮತ್ತು ನಾವು ನಾಲ್ವರು ಟ್ರಸ್ಟಿಗಳು

ರಾಮನ ಹೆಸರು ಕಿವಿಗೆ ಬಿದ್ದರೆ ಸಾಕು, ಬೇರೇನೂ ಬೇಡವೆಂದು ಕೂತುಬಿಡುವ ಹನುಮಪ್ಪಾ, ನಾಗಪುರದ ಉರಿಬಿಸಿಲಿನಲ್ಲಿ ಬೇವಿನ ಮರದಡಿ ತಣ್ಣಗೆ ಕೂತು ನಮ್ಮನ್ನೆಲ್ಲ ಸಹಿಸಿಕೊಂಡವನೇ, ಮೊದಲು ನಿನಗೆ ಕೈಮುಗಿಯುತ್ತೇನೆ. ನಿನ್ನ ಗುಡಿಯ ಸಂಗತಿಗಳನ್ನು ನಗುತ್ತ ಬರೆಯಲು ಹೊರಟಿದ್ದೇನೆ. ತಪ್ಪೆನಿಸಿದರೆ ಪೆನ್ನಿನ ಶಾಯಿ ಇಲ್ಲಿಗೇ ನಿಲ್ಲಿಸು.

ನಿಲ್ಲಲಿಲ್ಲ. ಹಾಗಾದರೆ ಬರೆಯುತ್ತೇನೆ.

ದೇವರಿದ್ದಲ್ಲಿ ಗುಡಿ ಏಳುತ್ತದೆ, ಗುಡಿ ಎದ್ದ ಮೇಲೆ ಟ್ರಸ್ಟ್ ಆಗುತ್ತದೆ, ಟ್ರಸ್ಟ್ ಆದ ಮೇಲೆ ಮೀಟಿಂಗ್ ಕರೆಯುತ್ತಾರೆ. ಮೀಟಿಂಗ್ ಕರೆದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಮ್ಮಲ್ಲಿ ಸ್ವಲ್ಪ ಹೆಚ್ಚಾದವು, ಅಷ್ಟೇ.

೧. ನೋಟಿಸ್ ಯಾರಿಗೆ?

ಬಜಾಜ್ ನಗರದ ನಮ್ಮ ಗುಡಿ ದೊಡ್ಡದೇನಲ್ಲ. ಒಂದು ಬೇವಿನ ಮರ, ಅದರ ನೆರಳಿನಲ್ಲಿ ಹನುಮಪ್ಪ, ಎದುರಿಗೆ ತಗಡು ಹೊದಿಸಿದ ಭಜನೆಯ ಹಾಲ್, ಹಿಂದೆ ಅರ್ಚಕರಾದ ಆಚಾರ್ರ ಸಂಸಾರಕ್ಕೆ ಎರಡು ಕೋಣೆ. ನೌಕರಿಗೆಂದು ಈ ಊರಿಗೆ ಬಂದ ಕನ್ನಡದವರು ಸೇರಿ ಕಟ್ಟಿಕೊಂಡದ್ದು. ಮೂರ್ತಿಯನ್ನು ವಿಜಾಪುರದ ಕಡೆಯಿಂದ ಕಪ್ಪು ಕಲ್ಲಿನಲ್ಲಿ ಕಡೆಸಿ ತಂದಿದ್ದೆವು. ತಂದು ಕೂರಿಸಿದ ಮೊದಲ ಶನಿವಾರವೇ ಓಣಿಯ ಮರಾಠಿ ಮಂದಿ ಎಣ್ಣೆಯಲ್ಲಿ ಕಲಸಿದ ಸಿಂಧೂರ ತಂದು ಮೈತುಂಬ ಬಳಿದು ಹೋದರು. ಇಲ್ಲಿಯ ಪದ್ಧತಿ ಅದು. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ಇನ್ನೊಬ್ಬರ ಭಕ್ತಿಗೆ ಬೇಲಿ ಹಾಕುವವರು ನಾವ್ಯಾರು? ವರ್ಷ ಕಳೆದಂತೆ ಪದರದ ಮೇಲೆ ಪದರ ಕೂತು ನಮ್ಮ ಕಪ್ಪು ಹನುಮಪ್ಪ ಕೇಸರಿ ಬಣ್ಣದ ಗುಂಡುಗಲ್ಲಿನಂತಾದ. ಮೂಗು ಎಲ್ಲಿದೆ, ಗದೆ ಎಲ್ಲಿದೆ ಎಂಬುದು ಆಚಾರ್ರಿಗೊಬ್ಬರಿಗೇ ಗೊತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಗುಡಿಯನ್ನು ಟ್ರಸ್ಟ್ ಎಂದು ನೋಂದಾಯಿಸುವುದಾಯಿತು. ನಾಲ್ವರು ಟ್ರಸ್ಟಿಗಳು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ, ವಿಜಾಪುರ ಕಡೆಯ ಹಿರಿಯರು ಅಧ್ಯಕ್ಷರು. ಮೈಸೂರು ಕಡೆಯ ಬ್ಯಾಂಕಿನವರೊಬ್ಬರು. ವಾಯುಸೇನೆಯಿಂದ ನಿವೃತ್ತರಾಗಿ ಇಲ್ಲೇ ನೆಲೆಸಿದವರೊಬ್ಬರು. ನಾಲ್ಕನೆಯವಳು ನಾನು, ಶಾಲೆಯ ಟೀಚರು, ಮನೆ ಗುಡಿಯ ಎದುರಿಗೇ. ಟ್ರಸ್ಟಿ ಅಂದರೆ ಉತ್ಸವದ ದಿನ ಶಾಲು, ತೆಂಗಿನಕಾಯಿ ಸಿಗುವ ಮರ್ಯಾದೆ ಎಂದೇ ನಾನು ತಿಳಿದಿದ್ದೆ.

ಆ ಭ್ರಮೆ ಬಿಡಿಸಿದವರು ವಕೀಲ ಸಾಹೇಬರು. ಮರಾಠಿಯವರು, ಸೋಲಾಪುರದಲ್ಲಿ ಬೆಳೆದದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಭಜನೆ ಹಾಲಿನಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ ಪಾಠ ಹೇಳಿದರು.

"ಮೊದಲನೇ ಮಾತು, ಟ್ರಸ್ಟಿ ಅಂದ್ರ ಮಾಲೀಕ ಅಲ್ಲ. ಬರೋಬರ್? ಜಾಗಾ ನಿಮ್ಮ ಹೆಸರಿಲೆ ಇರ್ತದ, ಆದ್ರ ನಿಮ್ಮದಲ್ಲ."

ಅಧ್ಯಕ್ಷರಿಗೆ ಇದು ಹೊಸ ಮಾತೆನಿಸಲಿಲ್ಲ. "ಅದು ನಮಗ ಗೊತ್ತೈತಿ ತಗೋರಿ. ಮಾಲೀಕ ಅಲ್ಲಿ ಕುಂತಾನ," ಎಂದು ಗರ್ಭಗುಡಿಗೆ ಕೈ ತೋರಿಸಿದರು. ತೋರಿಸಿದ್ದಷ್ಟೇ ಅಲ್ಲ, ನಿಯಮಾವಳಿಯಲ್ಲಿ ಒಂದು ನಿಯಮ ಸೇರಿಸಲೇಬೇಕೆಂದು ಹಟ ಹಿಡಿದರು: ದೇವರ ಅಪ್ಪಣೆ ಇಲ್ಲದೆ ಗುಡಿಯ ಜಾಗದ ಬಗ್ಗೆ ಯಾವ ವ್ಯವಹಾರವನ್ನೂ ಮಾಡತಕ್ಕದ್ದಲ್ಲ.

ನಾವೆಲ್ಲ ಭಕ್ತಿಯಿಂದ ಒಪ್ಪಿದೆವು. ವಕೀಲರು ಪೆನ್ನು ಎತ್ತಿ ಹಿಡಿದು ಕೇಳಿದರು: "ಅಪ್ಪಣೆ ಕೇಳೋ ಮೀಟಿಂಗಿಗೆ ದೇವರಿಗೆ ನೋಟಿಸ್ ಹ್ಯಾಂಗ ಕೊಡೋದು? ಎಷ್ಟು ದಿನ ಮುಂಚೆ?"

"ನೋಟಿಸ್ ಯಾಕ ಬೇಕ್ರಿ?" ಎಂದರು ಅಧ್ಯಕ್ಷರು. "ಯಾವಾಗ ಹೋದ್ರೂ ಜಾಗಾದಾಗ ಇರ್ತಾನ. ಸಂಜೀವಿನಿ ತರಾಕ ಒಮ್ಮೆ ಹೋಗಿದ್ದ ನೋಡ್ರಿ, ಆಮ್ಯಾಲ ರಜಾನೇ ತಗೊಂಡಿಲ್ಲ."

೨. ಯಾರಾಗಿ ಬಂದೀರಿ?

ವಕೀಲರ ಎರಡನೆಯ ಪಾಠ ಇನ್ನೂ ಕಷ್ಟದ್ದು. ಟ್ರಸ್ಟಿಯಾದವರು ಟ್ರಸ್ಟಿನಿಂದ ತಮಗಾಗಿ ಯಾವ ಲಾಭವನ್ನೂ ಪಡೆಯುವಂತಿಲ್ಲ. ಅವರು ಹೇಳಿದ್ದು ಗುಡಿಯ ಜಾಗ, ಬಾಡಿಗೆ, ಗುತ್ತಿಗೆ ಇಂಥವುಗಳ ಬಗ್ಗೆ. ನಾವು ತಿಳಿದದ್ದು ಮಾತ್ರ ಪೂರ್ತಿ.

ಮುಂದಿನ ಶನಿವಾರ ಮಂಗಳಾರತಿ ಮುಗಿದು ಆಚಾರ್ರು ಬೆಲ್ಲದ ಅವಲಕ್ಕಿ, ಕೋಸಂಬರಿ ಹಂಚುತ್ತ ಬಂದರು. ನಾವು ನಾಲ್ವರೂ ಕೈ ಹಿಂದಕ್ಕೆ ಕಟ್ಟಿಕೊಂಡು ಕಂಬದ ಪಕ್ಕ ನಿಂತಿದ್ದೆವು.

"ಯಾಕ್ರೀ, ಉಪವಾಸೇನು?" ಎಂದರು ಆಚಾರ್ರು.

"ಇಲ್ಲ ಆಚಾರ್ರೇ, ನಾವು ಟ್ರಸ್ಟಿಗಳಲ್ವಾ? ತಗೊಳ್ಳೋ ಹಾಗಿಲ್ಲ," ಎಂದರು ಬ್ಯಾಂಕಿನವರು. ಕಣ್ಣು ಮಾತ್ರ ಕೋಸಂಬರಿಯ ಮೇಲೇ ಇತ್ತು.

ಆಚಾರ್ರ ಮುಖ ಸಣ್ಣದಾಯಿತು. ಪ್ರಸಾದ ಬೇಡವೆಂದು ನಿಂತ ಭಕ್ತರನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ನನಗಂತೂ ಮನೆಗೆ ಹೋದ ಮೇಲೆ ಊಟವೇ ಸೇರಲಿಲ್ಲ. ಹನುಮಪ್ಪನ ಎದುರಿಗೇ ಮನೆ ಇಟ್ಟುಕೊಂಡು ಅವನ ಕೈತುತ್ತಿಗೆ ಎರವಾದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಮರುವಾರ ಅಧ್ಯಕ್ಷರೇ ವಕೀಲರನ್ನು ಕರೆಸಿದರು.

ವಕೀಲರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. "ಅಯ್ಯ, ಪ್ರಸಾದಕ್ಕ ಯಾರು ಬ್ಯಾಡಂದ್ರು? ನೀವು ಟ್ರಸ್ಟಿನೂ ಹೌದು, ಭಕ್ತರೂ ಹೌದು. ಟ್ರಸ್ಟಿ ಅಂತ ಹೇಳಿ ಹೆಚ್ಚಿಂದು ತಗೋಬ್ಯಾಡ್ರಿ. ಭಕ್ತರಾಗಿ ಎಲ್ಲಾರ ಜೊತೆ ಪಾಳಿಯಾಗ ನಿಂತು ತಗೋರಿ."

ಆಚಾರ್ರು ಪಾಪ, ಕಾನೂನಿಗೆ ಬಹಳ ಹೆದರುವವರು. ಅವತ್ತಿನಿಂದ ಚಮಚೆ ಮೇಲೆತ್ತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳತೊಡಗಿದರು: "ಈಗ ಯಾರಾಗಿ ಬಂದೀರಿ? ಟ್ರಸ್ಟಿಯಾಗೋ, ಭಕ್ತರಾಗೋ?" ಭಕ್ತರಾಗಿ ಎಂದ ಮೇಲೇ ಅವಲಕ್ಕಿ ಕೈಗೆ ಬೀಳುತ್ತಿತ್ತು.

ಬ್ಯಾಂಕಿನವರು ಒಮ್ಮೆ ಎರಡನೇ ಸಲ ಪಾಳಿಯಲ್ಲಿ ಬಂದು ನಿಂತರು. ಆಚಾರ್ರು ಅದೇ ಪ್ರಶ್ನೆ ಕೇಳಿದರು.

"ಆಗಲೇ ನಾನು ಬಂದಿದ್ದು ಭಕ್ತನಾಗಿ. ಈಗ ನಮ್ಮ ಮನೆಯವಳು ಬಂದಿದ್ದಾಳೆ ಅಂತ ತಿಳ್ಕೊಳ್ಳಿ."

೩. ವೈನಿಯವರ ಠರಾವು

ಅಧ್ಯಕ್ಷರಿಗೆ ಬೆಳಗಿನ ಜಾವ ಗುಡಿಯ ಲೌಡ್‌ಸ್ಪೀಕರಿನಲ್ಲಿ ಸುಪ್ರಭಾತದ ಕ್ಯಾಸೆಟ್ ಹಾಕುವುದೆಂದರೆ ಪ್ರಾಣ. ಕೋಳಿ ಕೂಗುವುದಕ್ಕಿಂತ ಮೊದಲೇ ಎದ್ದು ಬಂದು ತಾವೇ ಹಾಕುತ್ತಿದ್ದರು. ಓಣಿಯವರ ತಕರಾರು ಬಂದು, ಅದನ್ನು ಮೀಟಿಂಗಿನಲ್ಲಿ ಇಟ್ಟೆವು. ಆ ದಿನವೇ ಅಧ್ಯಕ್ಷರಿಗೆ ಕೆಮ್ಮು ಹತ್ತಿತು. ತಮ್ಮ ಬದಲು ಹೆಂಡತಿಯನ್ನು ಕಳಿಸಿಕೊಟ್ಟರು. ನಾವೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು.

ವೈನಿ ಸೆರಗು ಹೊದ್ದು, ಅಧ್ಯಕ್ಷರ ಕುರ್ಚಿಯಲ್ಲಿ ಕೂತು, ವಿಷಯವನ್ನೆಲ್ಲ ಶಾಂತವಾಗಿ ಕೇಳಿದರು. ಆಮೇಲೆ ಹೇಳಿದರು:

"ಆ ಭೋಂಗಾ ಇಳಿಸಿ ಬಿಡ್ರಿ. ದೇವರಿಗೆ ಕೇಳಸ್ಬೇಕಂದ್ರ ಹತ್ರ ಕುಂತು ಅಂದ್ರ ಸಾಕು. ಅಂವಗೇನು ಕಿವುಡೇನು? ಇವರು ಎದ್ದ ಕೂಡಲೇ ಇಡೀ ಬಜಾಜ್ ನಗರ ಏಳಬೇಕಂದ್ರ ಹ್ಯಾಂಗ?"

ಅಧ್ಯಕ್ಷರ ಮನೆಯಿಂದಲೇ ಬಂದ ಮಾತೆಂದು ನಾವು ತಲೆದೂಗಿದೆವು. ವಾಯುಸೇನೆಯವರು ಅಲ್ಲೇ ಏಣಿ ಹತ್ತಿ ಲೌಡ್‌ಸ್ಪೀಕರಿನ ಭೋಂಗಾ ಇಳಿಸಿಯೂ ಬಿಟ್ಟರು.

ಮರುದಿನ ಬೆಳಗಿನ ಜಾವ ಅಧ್ಯಕ್ಷರು ಬಂದು ಕ್ಯಾಸೆಟ್ ಹಾಕಿ ನೋಡುತ್ತಾರೆ, ಅದು ತಿರುಗುತ್ತಿದೆ, ಸದ್ದಿಲ್ಲ. ಬೆಳಗಾಗುವ ಹೊತ್ತಿಗೆ ವಕೀಲರ ಮನೆಯ ಬಾಗಿಲು ಬಡಿದಿದ್ದರು. ವಕೀಲರು ಕಾನೂನು ಹೇಳಿದರು: ಟ್ರಸ್ಟಿಯ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ ಕೊಡಲು ಬರುವುದಿಲ್ಲ. ತಾನೇ ಬರಬೇಕು, ತಾನೇ ತಲೆ ಓಡಿಸಬೇಕು. ಆದ್ದರಿಂದ ವೈನಿಯವರ ಮಾತು ಲೆಕ್ಕಕ್ಕಿಲ್ಲ.

ಅಧ್ಯಕ್ಷರು ಗೆದ್ದ ಸಂತೋಷದಲ್ಲಿ ಆ ಸುದ್ದಿಯನ್ನು ಮನೆಗೆ ಒಯ್ದರು. ಅದೊಂದು ತಪ್ಪು ಮಾಡಿದರು. ವೈನಿ ಒಲೆಯ ಮುಂದಿನಿಂದ ಏಳದೆಯೇ ಕೇಳಿದರಂತೆ:

"ಹೌದೇನು? ಇಷ್ಟು ವರ್ಷ ಈ ಮನ್ಯಾಗ ನಿಮ್ಮ ಪರವಾಗಿ ತಲಿ ಓಡಿಸಿದಾಕಿ ನಾನ. ಅವೆಲ್ಲಾನೂ ರದ್ದ ಮಾಡ್ತಾರೇನು ಕೇಳಿಕೊಂಡು ಬರ್ರಿ."

ಭೋಂಗಾ ಮತ್ತೆ ಮೇಲೆ ಹತ್ತಲಿಲ್ಲ.

೪. ಸಾಮೂಹಿಕ ಜವಾಬ್ದಾರಿಯ ಪೋಹೆ

ಮಳೆಗಾಲದ ಮೊದಲ ಗಾಳಿಗೆ ಬೇವಿನ ಕೊಂಬೆಯೊಂದು ಮುರಿದು ಹಿಂದಿನ ಬಂಗಲೆಯವರ ಹೊಸ ಕಾರಿನ ಮೇಲೆ ಬಿತ್ತು. ಆ ಬಂಗಲೆಯವರು ಬಿಲ್ಡರ್. ಊರ ತುಂಬ ಕಟ್ಟಡ ಕಟ್ಟಿಸುವ ಮರಾಠಿ ಗೃಹಸ್ಥರು, ಸಜ್ಜನರು. ಕ್ಷಮೆ ಕೇಳಲು ಅಧ್ಯಕ್ಷರೊಬ್ಬರೇ ಹೊರಟಾಗ ವಾಯುಸೇನೆಯವರು ತಡೆದರು.

"ನೋ ಸರ್. ವಕೀಲ್ ಸಾಬ್ ಏನು ಹೇಳಿದ್ರು? ಒಬ್ಬರು ಮಾಡಿದ್ರೂ ಎಲ್ಲರೂ ಜವಾಬ್ದಾರ್. ಚಲೋ, ಎಲ್ಲರೂ ಹೋಗೋಣ."

ಹಾಗೆ ನಾವು ನಾಲ್ವರೂ ಹೊರಟೆವು. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನಾನು ತೆಂಗಿನಕಾಯಿ, ಹೂ, ಪೇಢೆ ತಟ್ಟೆಯಲ್ಲಿಟ್ಟುಕೊಂಡೆ. ಅಧ್ಯಕ್ಷರು ಜರಿ ಅಂಚಿನ ಧೋತರ ಉಟ್ಟು ಟೋಪಿ ಹಾಕಿದರು. ಬ್ಯಾಂಕಿನವರು ಸೆಂಟು ಹಾಕಿಕೊಂಡು ಬಂದರು, ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಬಾಗಿಲು ತೆರೆದ ಮನೆಯಾಕೆ ನಮ್ಮನ್ನೂ ತಟ್ಟೆಯನ್ನೂ ನೋಡಿ ಮುಖ ಅರಳಿಸಿದರು. "ಯಾ, ಯಾ, ಬಸಾ!" ಎಂದು ಸೋಫಾದ ಮೇಲೆ ಕೂರಿಸಿದರು. ಒಳಗೆ ಗಡಿಬಿಡಿ ಶುರುವಾಯಿತು. ಬಿಲ್ಡರ್ ಸಾಹೇಬರು ಅಂಗಿ ಬದಲಿಸಿ ಬಂದರು. ಇಷ್ಟು ಮರ್ಯಾದೆ ಕೊಡುವವರ ಕಾರನ್ನು ಜಜ್ಜಿದೆವಲ್ಲ ಎಂದು ನಾನು ಒಳಗೊಳಗೇ ಕರಗುತ್ತಿರುವಾಗ, ಅವರ ಮಗಳು ರೇಷ್ಮೆ ಸೀರೆಯುಟ್ಟು ತಲೆ ತಗ್ಗಿಸಿಕೊಂಡು ಪೋಹೆಯ ತಟ್ಟೆಗಳನ್ನು ತಂದಳು.

ಈ ನಾಡಿನಲ್ಲಿ ಹೆಣ್ಣು ನೋಡಲು ಬಂದವರಿಗೆ ಕೊಡುವುದು ಪೋಹೆ, ನಮ್ಮ ಒಗ್ಗರಣೆ ಅವಲಕ್ಕಿ. ನಾವು ಗಂಡಿನ ಕಡೆಯವರೆಂದು ಅವರು ತಿಳಿದಿದ್ದರು. ಈಗ ಬಾಯಿ ಬಿಟ್ಟು ಕೊಂಬೆಯ ವಿಷಯ ಹೇಳಿದರೆ ಆ ಹುಡುಗಿಯ ಮುಖ ಏನಾಗಬೇಕು? ಯಾರೂ ಬಾಯಿ ಬಿಡಲಿಲ್ಲ. ಪೋಹೆ ತಿನ್ನಲಷ್ಟೇ ಬಿಟ್ಟೆವು. ಕೊನೆಗೆ ಬಿಲ್ಡರ್ ಸಾಹೇಬರೇ ಸಂಕೋಚದಿಂದ, "ಹುಡುಗ ಏನು ಮಾಡುತ್ತಾನೆ?" ಎಂದು ಕೇಳಿದರು.

ಅಧ್ಯಕ್ಷರು ಗಾಬರಿಯಲ್ಲಿ ನಿಜವನ್ನೇ ಹೇಳಿಬಿಟ್ಟರು: "ಬ್ರಹ್ಮಚಾರಿ ಅದಾನ್ರಿ. ಗುಡ್ಯಾಗ ಕುಂತಾನ. ನಿಮ್ಮ ಗಾಡಿ ಮ್ಯಾಲ ಟೊಂಗಿ ಕೆಡವ್ಯಾನ."

೫. ಗುಡ್ಡ ಎತ್ತಿದವನಿಗೆ ಲಿಫ್ಟು

ಬಿಲ್ಡರ್ ಸಾಹೇಬರು ಒಳ್ಳೆಯವರು ಎಂದೆನಲ್ಲ, ಹೊಟ್ಟೆ ಹಿಡಿದು ನಕ್ಕುಬಿಟ್ಟರು. ಆದರೆ ಆ ಕೊಂಬೆಯ ನೆವದಿಂದ ನಮ್ಮ ಜಾಗದ ಮೇಲೆ ಅವರ ಕಣ್ಣು ಬಿತ್ತು. ಒಂದು ವಾರದಲ್ಲಿ ಪ್ರಸ್ತಾಪ ಹಿಡಿದುಕೊಂಡು ಬಂದರು. ಬಜಾಜ್ ನಗರದ ಈ ಜಾಗ ಅವರಿಗೆ ಕೊಡಬೇಕು, ಬದಲಿಗೆ ಮನೀಶ್ ನಗರದಲ್ಲಿ ಅವರು ಕಟ್ಟುತ್ತಿರುವ ಕಟ್ಟಡದ ಮೂರನೇ ಮಹಡಿಯಲ್ಲಿ ಅಮೃತಶಿಲೆ ಹಾಸಿದ ಹಾಲ್ ಕೊಡುತ್ತಾರೆ. ದೇವರೂ ಅಲ್ಲಿಗೇ.

"ಮುದುಕರಿಗೂ ತೊಂದರೆ ಇಲ್ಲ," ಎಂದರು, "ಲಿಫ್ಟು ಇದೆ."

ಅಧ್ಯಕ್ಷರು ಗರ್ಭಗುಡಿಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದರು, "ಕೇಳಿದೇನಪಾ? ಗುಡ್ಡಾ ಎತ್ತಿದಾಂವ ನೀನು. ಈಗ ನಿನಗ ಲಿಫ್ಟ್ ಅಂತ."

ನಾವೆಲ್ಲ ನಕ್ಕೆವು. ಆಚಾರ್ರು ನಗಲಿಲ್ಲ. ಮೂರನೇ ಮಹಡಿಯಲ್ಲಿ ಅರ್ಚಕರ ಸಂಸಾರಕ್ಕೆ ಜಾಗವಿಲ್ಲ. ಊರಾಚೆ ಮೌದಾ ರಸ್ತೆಯಲ್ಲಿ ಎಲ್ಲೋ ಒಂದು ಕೋಣೆ ನೋಡೋಣ ಎಂದಿದ್ದರು ಬಿಲ್ಡರ್ ಸಾಹೇಬರು. ಅಲ್ಲಿಂದ ದಿನಾ ಬೆಳಗ್ಗೆ ಪೂಜೆಗೆ ಬರುವುದು ಆಗದ ಮಾತು. ಹಾಗಾದರೆ ಬೇರೆ ಅರ್ಚಕರು ಬರುತ್ತಾರೆ ಎಂದೇ ಅರ್ಥ. ಆಚಾರ್ರ ಹೆಂಡತಿ ಬಾಗಿಲ ಮರೆಯಿಂದ ನನ್ನನ್ನು ಕರೆದು ಒಂದೇ ಮಾತು ಕೇಳಿದರು: "ಅಕ್ಕೋರ, ಆ ಕಡೆ ತುಳಸಿಗೆ ಬಿಸಿಲು ಬೀಳ್ತದೇನು?"

ಮನೆಗೆ ಹೋಗಿ ಹನುಮಪ್ಪನಿಗೆ ಅಲ್ಲಿಂದಲೇ ಕೈಮುಗಿದೆ. ಈ ಎರಡು ಕೋಣೆ ಉಳಿಸಿಕೊಡಪ್ಪ, ಇನ್ನೇನೂ ಕೇಳುವುದಿಲ್ಲ ಎಂದೆ.

ಟ್ರಸ್ಟಿಗಳಲ್ಲಿ ಒಮ್ಮತವಿರಲಿಲ್ಲ. ಬ್ಯಾಂಕಿನವರು ಪ್ರಸ್ತಾಪದ ಪರ. ವಾಯುಸೇನೆಯವರು ಪ್ರತಿ ಮಳೆಗಾಲಕ್ಕೆ ಸೋರುವ ತಗಡು ಹತ್ತಿ ಸಾಕಾಗಿ ಅರ್ಧ ಪರ. ಅಧ್ಯಕ್ಷರು ದೇವರ ಪರ. ನಾನು ಆಚಾರ್ರ ಹೆಂಡತಿಯ ತುಳಸಿಯ ಪರ. ವಕೀಲರು ಎಲ್ಲರನ್ನೂ ಸುಮ್ಮನಾಗಿಸಿದರು. ಗುಡಿಯ ಜಾಗ ಕೊಡಬೇಕಾದರೆ ಧರ್ಮಾದಾಯ ಕಚೇರಿಯ ಮುಂಗಡ ಅನುಮತಿ ಬೇಕು, ಗುಡಿಗೆ ಇದರಿಂದ ಹಿತವಿದೆ ಎಂದು ತೋರಿಸಬೇಕು. ಅದಕ್ಕೂ ಮೊದಲು ನಮ್ಮದೇ ನಿಯಮವಿದೆಯಲ್ಲ, ದೇವರ ಅಪ್ಪಣೆ. ಅದಿಲ್ಲದೆ ತಾವು ಅರ್ಜಿ ಬರೆಯಲು ಕೂರುವುದಿಲ್ಲ.

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಮುಂಚೆ ದೇವರಿಗೆ ಹೂ ಏರಿಸಿ ಕೇಳುವುದುಂಟು. ಎರಡು ಭುಜದ ಮೇಲೂ ಒಂದೊಂದು ಹೂ. ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಹಾಗೇ ಮಾಡೋಣ ಎಂದಾಯಿತು. ಆಗ ವಕೀಲರು ಮತ್ತೊಂದು ಕಾನೂನು ತೆಗೆದರು.

"ಹೂ ಇಡೋರು ಯಾರು? ಈ ವ್ಯವಹಾರದಾಗ ಸ್ವಂತ ಹಿತ ಇದ್ದವರು ಇಡಂಗಿಲ್ಲ. ಆಚಾರ್ರ ಮನಿ ಹೋಗ್ತದ, ಅವರು ಬ್ಯಾಡ. ಅಕ್ಕೋರ ಮನಿ ಗುಡಿ ಮುಂದ ಅದ, ಅವರೂ ಬ್ಯಾಡ."

"ನಾನಿದೀನಲ್ಲ ಸಾರ್," ಎಂದು ಬ್ಯಾಂಕಿನವರು ಎದ್ದರು.

"ನೀವು ಫ್ಲ್ಯಾಟ್ ಎಲ್ಲಿ ತಗೊಂಡೀರಿ?"

ಬ್ಯಾಂಕಿನವರು ಕೆಮ್ಮಿದರು. "ಮನೀಶ್ ನಗರದಲ್ಲಿ."

"ಕೂಡ್ರಿ. ಉಳಿದವರು?"

ಅಧ್ಯಕ್ಷರೂ ವಾಯುಸೇನೆಯವರೂ ಎದೆ ಉಬ್ಬಿಸಿ ನಿಂತರು. ವಕೀಲರು ಅವರನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಬಿಲ್ಡರ್ ಸಾಹೇಬರ ಮನ್ಯಾಗ ಪೋಹೆ ತಿಂದವರು ಯಾರ್ ಯಾರು?"

ಇಬ್ಬರೂ ಕೂತರು.

೬. ಕೂಲರಿನ ಗಾಳಿ

ಎಲ್ಲರೂ ಅನರ್ಹರಾದ ಮೇಲೆ ಕಾನೂನಿಗೂ ಬೇರೆ ದಾರಿ ಇರಲಿಲ್ಲ. ಆಚಾರ್ರೇ ಹೂ ಇಡಲಿ, ನಾವೆಲ್ಲ ಕಣ್ಣಿಟ್ಟು ನೋಡುವುದು ಎಂದು ವಕೀಲರು ತೀರ್ಮಾನ ಕೊಟ್ಟರು. ಒಂದು ಷರತ್ತು ಹಾಕಿದರು: "ಆಚಾರ್ರೇ, ನಿಮ್ಮ ಹಿತ ಇದರಾಗ ಅದ. ಅದಕ್ಕ ನೀವು ಕೈ ಆಡಸ್ಬಹುದು, ಬಾಯಿ ಆಡಸಂಗಿಲ್ಲ. ಈ ವಿಷಯದಾಗ ಒಂದು ಮಾತೂ ಆಡಬ್ಯಾಡ್ರಿ."

ಆಚಾರ್ರು ಅಲ್ಲಿಯೇ ಬಾಯಿಯ ಮೇಲೆ ಉತ್ತರೀಯ ಹಿಡಿದುಕೊಂಡರು.

ಭಾನುವಾರದ ದಿನ ಗೊತ್ತಾಯಿತು. ಮಳೆಗಾಲ, ಚಳಿಗಾಲ ಮಾತುಕತೆಯಲ್ಲೇ ಕಳೆದು ಬೇಸಗೆ ಬಂದಿತ್ತು. ನಾಗಪುರದ ಬೇಸಗೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ನಂಬುವುದಿಲ್ಲ. ಬ್ಯಾಂಕಿನವರು ತಮ್ಮ ಮನೆಯಿಂದ ಹುಲ್ಲಿನ ಚಾಪೆಯ ದೊಡ್ಡ ಕೂಲರ್ ತರಿಸಿ ಗರ್ಭಗುಡಿಯ ಪಕ್ಕಕ್ಕೆ ಇಡಿಸಿದ್ದರು. "ದೇವರಿಗೂ ಸೆಖೆ ಆಗಲ್ವಾ?" ಎಂದರು. ಎಷ್ಟು ಭಕ್ತಿ ಎಂದು ನನ್ನ ಕಣ್ಣು ತುಂಬಿತು.

ಆಚಾರ್ರು ಎರಡು ಬಿಳಿ ಕಣಗಿಲೆ ಹೂಗಳನ್ನು ಭುಜಕ್ಕೆ ಒಂದರಂತೆ ಏರಿಸಿದರು. ನಾವು ಹೂವಿನ ಮೇಲೇ ಕಣ್ಣಿಟ್ಟು ಕೂತೆವು. ಸ್ವಲ್ಪ ಹೊತ್ತಿಗೆ ವಾಯುಸೇನೆಯವರು ಬೆರಳು ಬಾಯಲ್ಲಿ ಒದ್ದೆ ಮಾಡಿ ಮೇಲೆ ಹಿಡಿದರು. ಎದ್ದು ಹೋಗಿ ಕೂಲರಿನ ಮುಂದೆ ನಿಂತರು.

"ಒಂದು ನಿಮಿಷ. ಈ ಹವಾ ಎಡಗಡೆಯಿಂದ ಬಂದು ಸೀದಾ ಬಲಗಡೆ ಹೂವಿಗೆ ಹೊಡೀತಾ ಇದೆ. ದೇಖೋ, ನಾನು ವಿಮಾನದ ಮಧ್ಯೆ ಬದುಕಿದವನು. ಇದು ಭಕ್ತಿ ಅಲ್ಲ ಭಾಯಿ, ರನ್‌ವೇ."

"ಛೆ ಛೆ, ಹಾಗೆಲ್ಲ ಏನಿಲ್ಲ," ಎಂದು ಬ್ಯಾಂಕಿನವರು ಕೂಲರನ್ನು ತಿರುಗಿಸಲು ಹೋದರೆ, ಅದು ಎಡಗಡೆಯ ಹೂವಿಗೆ ನೇರವಾಯಿತು. ಆಗ ಬಿಲ್ಡರ್ ಸಾಹೇಬರ ಪರವಾಗಿ ಬಂದಿದ್ದವರು ಕೂಗಿದರು. ಕೊನೆಗೆ ಕೂಲರ್ ಬಂದ್ ಮಾಡಿ, ಕಿಟಕಿ ಮುಚ್ಚಿ, ಫ್ಯಾನೂ ನಿಲ್ಲಿಸಿ ಕೂತೆವು. ಬೆವರು ಧಾರೆಯಾಗಿ ಹರಿಯಿತು. ಎಲ್ಲರೂ ಒಟ್ಟಿಗೇ ಇರಬೇಕಾದ ಕಾರಣ ಒಬ್ಬರೂ ಏಳುವಂತಿಲ್ಲ.

ಹೂ ಬೀಳಲಿಲ್ಲ. ಬಲಗಡೆಯದೂ ಇಲ್ಲ, ಎಡಗಡೆಯದೂ ಇಲ್ಲ. ಸಂಜೆಯ ಆರತಿಯಾದರೂ ಎರಡೂ ಹೂ ಹಾಗೇ ಭುಜದ ಮೇಲೆ ಕೂತಿದ್ದವು. ಆಚಾರ್ರು ಉತ್ತರೀಯದ ಮರೆಯಲ್ಲಿ ಏನೋ ಗುನುಗಿ ಸುಮ್ಮನಾದರು.

"ಹಿಂಗ ಎಂದೂ ಆಗಿಲ್ಲ," ಎಂದರು ಅಧ್ಯಕ್ಷರು. "ಯೋಚನಿ ಮಾಡಾಕತ್ತಾನ. ಅವಸರ ಮಾಡಬ್ಯಾಡ್ರಿ."

ತಿಂಗಳು ಬಿಟ್ಟು ಮತ್ತೆ ಕೇಳಿದೆವು. ಬೀಳಲಿಲ್ಲ. ಮತ್ತೂ ಒಂದು ತಿಂಗಳು. ಕದಲಲಿಲ್ಲ. ಪ್ರತಿ ಸಲ ಆಚಾರ್ರ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದರು. ಬೇಡ ಎಂದಾದರೂ ಬಿದ್ದುಬಿಡಬಾರದೇ ಎಂದು ನಾನು ಹನುಮಪ್ಪನ ಹತ್ತಿರ ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ. ವಕೀಲರು ಸಭೆಯ ವರದಿ ಹೇಗೆ ಬರೆಯಬೇಕೆಂದೇ ತಿಳಿಯದೆ ಕೊನೆಗೆ ಬರೆದರು: ಹನುಮಂತ ದೇವರು ಸಭೆಗೆ ಹಾಜರಿದ್ದರು, ಮತ ನೀಡಲಿಲ್ಲ.

೭. ಶನಿವಾರದ ಹರಕೆ

ಬಿಲ್ಡರ್ ಸಾಹೇಬರ ತಾಳ್ಮೆ ಮುಗಿಯುತ್ತ ಬಂತು. ಮುಂದಿನ ಭಾನುವಾರ ತಾವೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಇವತ್ತು ಬಿದ್ದರೆ ಬಿತ್ತು, ಇಲ್ಲದಿದ್ದರೆ ಈ ನಿಯಮವನ್ನೇ ತೆಗೆದುಹಾಕುವ ಠರಾವು ತರಬೇಕೆಂದು ಬ್ಯಾಂಕಿನವರು ತಯಾರಾಗಿ ಬಂದಿದ್ದರು. ವಾಯುಸೇನೆಯವರೂ ಬೇಸತ್ತು ತಲೆಯಾಡಿಸುವಂತಿದ್ದರು. ಅಂದರೆ ಆಚಾರ್ರ ಮನೆ ಉಳಿಯುವುದು ಹೋಗುವುದು ಎಲ್ಲ ಆ ದಿನದ್ದೇ. ಆಚಾರ್ರ ಹೆಂಡತಿ ಅವತ್ತು ಮರೆಯಲ್ಲಿ ನಿಲ್ಲಲಿಲ್ಲ. ತುಳಸಿಕಟ್ಟೆಯ ಹತ್ತಿರ ಹೋಗಿ ಕೂತುಬಿಟ್ಟರು.

ಆಚಾರ್ರು ಹೂ ಏರಿಸಿದರು. ನಾವು ಕಾದೆವು. ಬೇವಿನ ಮರದಲ್ಲಿ ಅಳಿಲುಗಳು ಜಗಳವಾಡುವುದು ಬಿಟ್ಟರೆ ಬೇರೆ ಸದ್ದಿಲ್ಲ. ಹೂ ಅಲ್ಲಾಡಲಿಲ್ಲ.

ಬಿಲ್ಡರ್ ಸಾಹೇಬರು ಎದ್ದು ನಿಂತರು. ಸಿಟ್ಟಲ್ಲ, ಅಳುಮುಖ. ಮರಾಠಿಯಲ್ಲಿ ಗರ್ಭಗುಡಿಯ ಕಡೆಗೇ ತಿರುಗಿ ಹೇಳಿದರು:

"ಮಾರುತಿರಾಯಾ, ನನ್ನಿಂದ ಇನ್ನೇನು ಬೇಕು ನಿನಗೆ? ಈ ಕೆಲಸ ಆಗಲಿ ಅಂತ ಹರಕೆ ಹೊತ್ತಿದ್ದೇನೆ. ನಿನ್ನ ಹೂ ಬೀಳುವವರೆಗೆ ಶನಿವಾರ ಶನಿವಾರ ಬಂದು ನನ್ನ ಕೈಯಾರೆ ಸಿಂಧೂರ ಹಚ್ಚುತ್ತೇನೆ ಅಂದಿದ್ದೇನೆ. ಒಂದು ಶನಿವಾರ ತಪ್ಪಿಸಿಲ್ಲ. ನಿನ್ನೆ ಕೂಡ ಡಬ್ಬಿಗಟ್ಟಲೆ ಹಚ್ಚಿದೆ. ಎರಡು ಭುಜಕ್ಕೂ ದಪ್ಪಗೆ ಹಚ್ಚಿದೆ. ಆದರೂ ಹೂ ಬಿಡುವುದಿಲ್ಲ ನೀನು!"

ನಾವೆಲ್ಲ ಹನುಮಪ್ಪನ ಭುಜದ ಕಡೆ ತಿರುಗಿದೆವು. ಅವರಿಗಿನ್ನೂ ಹೊಳೆದಿರಲಿಲ್ಲ. ವಕೀಲರು ಮೆಲ್ಲಗೆ ಎದ್ದು, ಕೈಕಾಲು ತೊಳೆದು, ಹನುಮಪ್ಪನ ಹತ್ತಿರ ಹೋಗಿ ಭುಜಕ್ಕೆ ಬೆರಳು ತಾಗಿಸಿದರು. ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಎಳೆಯಬೇಕಾಯಿತು. ಆ ಸೆಖೆಗೆ ಸಿಂಧೂರ ಹಲಸಿನ ಅಂಟಿನಂತಾಗಿತ್ತು. ಕಣಗಿಲೆಯ ಹೂ ಅದರಲ್ಲಿ ಕುತ್ತಿಗೆವರೆಗೆ ಹೂತಿತ್ತು.

"ಸಾಹೇಬ," ಎಂದರು ವಕೀಲರು ಕೇಸರಿ ಬೆರಳು ತೋರಿಸಿ, "ಹೂ ಬೀಳೋ ತನಕ ನೀವು ಹಚ್ಚಬೇಕು. ನೀವು ಹಚ್ಚತಿರೋ ತನಕ ಅದು ಬೀಳೋದಿಲ್ಲ."

ಬಿಲ್ಡರ್ ಸಾಹೇಬರು ಬೆರಳನ್ನು ನೋಡಿದರು, ಹೂವನ್ನು ನೋಡಿದರು, ತಮ್ಮ ಅಂಗೈಯನ್ನು ನೋಡಿಕೊಂಡರು. ಅಲ್ಲೂ ನಿನ್ನೆಯ ಕೇಸರಿ ಇನ್ನೂ ಹೋಗಿರಲಿಲ್ಲ. ಕುರ್ಚಿಯ ಮೇಲೆ ದೊಪ್ಪನೆ ಕೂತು, ಪೋಹೆಯ ದಿನ ನಕ್ಕಂತೆಯೇ ಹೊಟ್ಟೆ ಹಿಡಿದು ನಕ್ಕರು. ನಗು ಮುಗಿಯುವಾಗ ಕಣ್ಣುಗಳು ಒದ್ದೆಯಾಗಿದ್ದವು. ಎದ್ದು ಹೋಗಿ ಸಾಷ್ಟಾಂಗ ಹಾಕಿದರು. "ತಿಳಿಯಿತು ದೇವಾ. ನನ್ನ ಕೈಯಿಂದಲೇ ನೀನು ಇಲ್ಲಿ ಗಟ್ಟಿಯಾಗಿ ಕೂತೆ. ನಾನು ಇನ್ನು ಈ ಜಾಗ ಕೇಳುವುದಿಲ್ಲ." ಹರಕೆ ಮಾತ್ರ ನಡೆಸುತ್ತೇನೆ ಎಂದರು. ತಗಡಿನ ಚಾವಣಿ ಅವರೇ ಹೊಸದು ಹಾಕಿಸಿ ಕೊಟ್ಟದ್ದು, ವಾಯುಸೇನೆಯವರು ಏಣಿಗೆ ಕೈಮುಗಿದು ಮೂಲೆಗಿಟ್ಟದ್ದು ಆಮೇಲಿನ ಮಾತು. ಬ್ಯಾಂಕಿನವರು ತಮ್ಮ ಠರಾವನ್ನು ಮಡಚಿ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಂಡರು.

ನಾನು ಓಡಿಹೋಗಿ ತುಳಸಿಕಟ್ಟೆಯ ಹತ್ತಿರ ಸುದ್ದಿ ಹೇಳಿ ಬರುವಷ್ಟರಲ್ಲಿ ಅಧ್ಯಕ್ಷರು ಆಚಾರ್ರನ್ನು ಹಿಡಿದು ನಿಲ್ಲಿಸಿದ್ದರು.

"ಅಲ್ರೀ ಆಚಾರ್ರ, ದಿನಾ ಮೈ ಮುಟ್ಟಿ ಪೂಜಿ ಮಾಡೋರು ನೀವು. ಹೂ ಅಂಟ್ಕೊಂಡೈತಿ ಅಂತ ನಿಮಗ ಗೊತ್ತಿರಲಿಲ್ಲೇನು?"

ಆಚಾರ್ರು ಉತ್ತರೀಯ ಸರಿಸಲೋ ಬೇಡವೋ ಎಂದು ವಕೀಲರ ಮುಖ ನೋಡಿದರು. ವಕೀಲರು ತಲೆಯಾಡಿಸಿದ ಮೇಲೆ ಬಾಯಿ ಬಿಟ್ಟರು.

"ಮೊದಲನೇ ದಿನಾನೇ ಗೊತ್ತಿತ್ರೀ. ಹೇಳಬೇಕು ಅಂತ ಬಾಯಿತನಕ ಬಂದಿತ್ತು. ಆದ್ರ ನನ್ನ ಹಿತ ಅದ, ಮಾತಾಡಬ್ಯಾಡ್ರಿ ಅಂತ ವಕೀಲ ಸಾಹೇಬ್ರೇ ಅಂದ್ರಲ್ಲ?"

ಆಚಾರ್ರು ಒಳಗೆ ಹೋಗಿ ಅವಲಕ್ಕಿಯ ಪಾತ್ರೆ ತಂದರು. ಬಿಲ್ಡರ್ ಸಾಹೇಬರು ಕೇಸರಿ ಅಂಗೈ ಚಾಚಿ ಪಾಳಿಯಲ್ಲಿ ಮೊದಲು ನಿಂತಿದ್ದರು. ಆಚಾರ್ರು ಅಭ್ಯಾಸಬಲದಿಂದ ಚಮಚೆ ಮೇಲೆತ್ತಿದರು.

"ಈಗ ಯಾರಾಗಿ ಬಂದೀರಿ? ಬಿಲ್ಡರಾಗೋ, ಭಕ್ತರಾಗೋ?"

ಇದನ್ನು ಇಲ್ಲಿಯವರೆಗೆ ಕೂತು ಕೇಳಿದ ನೀವೆಲ್ಲರೂ ಭಕ್ತರಾಗಿಯೇ ಬಂದಿರಿ ಎಂದು ತಿಳಿಯುತ್ತೇನೆ. ನಿಮ್ಮ ಅಂಗಳದ ತುಳಸಿಗೆ ಬಿಸಿಲು ತಪ್ಪದಿರಲಿ, ನಿಮ್ಮ ತಲೆಯ ಮೇಲಿನ ಚಾವಣಿ ಸೋರದಿರಲಿ. ನೀವು ಅರಿಯದೆ ಬೇಡಿದ್ದು ನಿಮಗೆ ಒಳ್ಳೆಯದಲ್ಲವಾದರೆ, ಬೇವಿನ ಮರದಡಿಯ ನಮ್ಮ ಹನುಮಪ್ಪ ಆ ಹೂವನ್ನು ಭುಜದ ಮೇಲೆ ಹಾಗೇ ಅಂಟಿಸಿ ಇಟ್ಟುಕೊಳ್ಳಲಿ. ನಿಮಗೆಲ್ಲ ಶುಭವಾಗಲಿ.